ಇಸಿಟಿ (ತಲೆಗೆ ಕರೆಂಟ್ ಕೊಟ್ಟು ಫಿಟ್ಸ್ ಬರಿಸುವ ಶಾಕ್ ಚಿಕಿತ್ಸೆ) ವಿಭಾಗಕ್ಕೆ ಐದರಲ್ಲಿ ನಾಲ್ಕು ಸ್ಟಾರ್

ನನ್ನ ತಮ್ಮನಿಗೆ ತೀವ್ರ ಖಿನ್ನತೆ. ಮಾತ್ರೆ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಸ್ನಾನ ಬಿಟ್ಟ, ಮಾತು ಬಿಟ್ಟ, ಕೊನೆಗೆ ಊಟವನ್ನೂ ಬಿಟ್ಟ. ಮೆದುಳಿಗೆ ತಂತಿ ಇಟ್ಟು ಕರೆಂಟ್ ಕೊಟ್ಟರೆ ಖಿನ್ನತೆ ಹೋಗುತ್ತದೆ ಅನ್ನೋ ವಿಡಿಯೊ ಯಾರೋ ಕಳಿಸಿದ್ದರು. ಅದನ್ನೇ ಕೇಳೋಣ ಅಂತ ಜಯನಗರದಿಂದ ಇಲ್ಲಿಗೆ ಕರೆತಂದೆವು. ಬೆಂಗಳೂರಲ್ಲಿ ಪಾರ್ಕಿನ್ಸನ್ ಇರುವವರಿಗೆ ಆ ಆಪರೇಷನ್ ಮಾಡ್ತಾರಲ್ಲ, ಇವನಿಗೆ ಯಾಕಾಗಬಾರದು ಅನ್ನೋದು ಅಮ್ಮನ ಪ್ರಶ್ನೆ.

ಡಾಕ್ಟರ್ ಮೇಡಂ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು: ಎದೆಯ ಚರ್ಮದಡಿ ಬ್ಯಾಟರಿ, ಕುತ್ತಿಗೆಯೊಳಗಿಂದ ಮೇಲೇರುವ ತಂತಿ, ತಲೆಬುರುಡೆಯಲ್ಲಿ ತೂತು. 2005ರಲ್ಲಿ ನರರೋಗ ತಜ್ಞೆ ಹೆಲೆನ್ ಮೇಬರ್ಗ್ ಅವರ ತಂಡ ಟೊರಾಂಟೊದಲ್ಲಿ 6 ಜನಕ್ಕೆ ಇದನ್ನು ಮಾಡಿ, ನಾಲ್ವರು ಚೇತರಿಸಿಕೊಂಡರಂತೆ. ಆಮೇಲೆ ಅಮೆರಿಕದಲ್ಲಿ 90 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ತಂತಿ ಎಲ್ಲರಿಗೂ ಇಟ್ಟರು, ಕರೆಂಟ್ ಮಾತ್ರ ಕೆಲವರಿಗೆ ಕೊಟ್ಟರು. ಆರು ತಿಂಗಳಾದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷ ಕರೆಂಟ್ ಮುಂದುವರಿಸಿದವರಲ್ಲಿ ಸುಮಾರು ಅರ್ಧ ಜನ ಸುಧಾರಿಸಿದರು.

"ಅದಿನ್ನೂ ಸಂಶೋಧನೆ ಅಮ್ಮಾ. ಹುಡುಗ ಊಟ ಬಿಟ್ಟಿದ್ದಾನೆ, ಅಷ್ಟು ದಿನ ಕಾಯೋಕಾಗಲ್ಲ. ಇಸಿಟಿ ಮಾಡೋಣ" ಅಂದರು. ನಾವಾಗೇ ದೊಡ್ಡ ಆಪರೇಷನ್ ಕೇಳಿಕೊಂಡು ಹೋದಾಗ ಬೇಡ ಅಂದ ಈ ಮೇಡಂಗೆ ನಮ್ಮ ಮನೆಯವರೆಲ್ಲ ಋಣಿ.

ಶಾಕ್ ಅಂದ ಕೂಡಲೇ ಅಮ್ಮ ಅತ್ತುಬಿಟ್ಟರು. ಕೈಕಾಲು ಕಟ್ಟಿಹಾಕೋ ಸಿನಿಮಾ ದೃಶ್ಯವೇ ಎಲ್ಲರ ತಲೆಯಲ್ಲಿ, ಅಲ್ವಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತೆಯೇ ಇಲ್ಲ. ಅರಿವಳಿಕೆ ಡಾಕ್ಟರು ಕೂರಿಸಿಕೊಂಡು ಹೇಳಿದರು: ಒಂದು ಕಣಕಾಲಿಗೆ ಬಿಪಿ ಪಟ್ಟಿ ಬಿಗಿಯುತ್ತಾರೆ, ಸ್ನಾಯು ಸಡಿಲಿಸುವ ಔಷಧಿ ಆ ಪಾದಕ್ಕೆ ಇಳಿಯಬಾರದು ಅಂತ. ಮೈಯೆಲ್ಲ ಸುಮ್ನೆ ಮಲಗಿರುತ್ತದೆ, ಆ ಪಾದವೊಂದೇ ಅದುರುತ್ತದೆ. ಫಿಟ್ಸ್ ಎಷ್ಟು ಸೆಕೆಂಡ್ ಬಂತು ಅಂತ ಅದನ್ನು ನೋಡಿ ಲೆಕ್ಕ ಹಾಕುತ್ತಾರೆ. ಇದನ್ನು ಕೇಳಿದ ಮೇಲೆ ಅಮ್ಮ ಒಪ್ಪಿದರು.

ನರ್ಸ್‌ಗಳು ತುಂಬ ಒಳ್ಳೆಯವರು. "ಅಕ್ಕಾ, ತಲೆಗೆ ಎಣ್ಣೆ ಹಚ್ಚಬೇಡಿ, ಬೆಳಗ್ಗೆ ಕಾಫಿನೂ ಕೊಡಬೇಡಿ" ಅಂತ ಪ್ರತಿ ಸಲವೂ ಹಿಂದಿನ ದಿನವೇ ಫೋನ್ ಮಾಡುತ್ತಿದ್ದರು. ಮೂರನೇ ವಾರ ತಮ್ಮ ಚಿತ್ರಾನ್ನಕ್ಕೆ ಉಪ್ಪು ಕಡಿಮೆ ಅಂತ ತಕರಾರು ತೆಗೆದ. ನಮಗಾದ ಖುಷಿ ಅಷ್ಟಿಷ್ಟಲ್ಲ. ಮಾತ್ರೆ ಈಗಲೂ ನಡೀತಿದೆ, ಅದನ್ನು ನಿಲ್ಲಿಸುವಂತಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣವಿದೆ. ಒಪ್ಪಿಗೆ ಪತ್ರ ಬರೀ ಇಂಗ್ಲಿಷಿನಲ್ಲಿದೆ. ಅಮ್ಮನಿಗೆ ನಾನು ಕಾರಿಡಾರಿನಲ್ಲಿ ನಿಂತು ಸಾಲು ಸಾಲಾಗಿ ಓದಿ ಹೇಳಬೇಕಾಯಿತು. ಮರೆವಿನ ವಿಷಯವೂ ಅದರಲ್ಲಿ ಒಂದೇ ಸಾಲು. ಆ ವಾರಗಳಲ್ಲಿ ಮನೆಗೆ ಯಾರು ಬಂದುಹೋದರು ಅನ್ನೋದು ತಮ್ಮನಿಗೆ ಇವತ್ತಿಗೂ ನೆನಪಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು. ದಯವಿಟ್ಟು ಆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಚಾಮರಾಜನಗರ, ರಾಯಚೂರಿನಿಂದೆಲ್ಲ ಬರುವವರು ಅದಕ್ಕೇ ಸಹಿ ಹಾಕ್ತಾರೆ.