ರಾಕಿ ಪರ್ವತಗಳಿಗೆ ಮೊದಲ ಸಲ: ತಂಡದ ಬಸ್ಸು, ಬಾಡಿಗೆ ಕಾರು, ಊರಿನ ಬಸ್ಸು

ಕೆನಡಾದ ರಾಕಿ ಪರ್ವತಗಳನ್ನು ಮೊದಲ ಸಲ ನೋಡಹೊರಟವರು ನನ್ನನ್ನು ಕೇಳಿದರೆ, ಬ್ಯಾನ್ಫ್ ಪಟ್ಟಣದಲ್ಲಿಯೋ ಅದರ ಪಕ್ಕದ ಕ್ಯಾನ್‌ಮೋರ್‌ನಲ್ಲಿಯೋ ಒಂದೇ ಕಡೆ ಕೋಣೆ ಹಿಡಿದು, ಅಲ್ಲಿನ ಸಾರ್ವಜನಿಕ ಬಸ್ಸಿನಲ್ಲಿಯೇ ಓಡಾಡಿ ಎನ್ನುತ್ತೇನೆ. ಈ ಮಾತು ಹೋಗುವ ಮೊದಲೇ ನನಗೆ ತಿಳಿದಿದ್ದರೆ, ಅಲ್ಲಿಗೆ ಹತ್ತಿರದ ದೊಡ್ಡ ಊರಾದ ಕ್ಯಾಲ್ಗರಿಯ ವಿಮಾನ ನಿಲ್ದಾಣದಲ್ಲಿ ಒಂದು ಇಡೀ ಸಂಜೆಯೂ ಒಂದಿಷ್ಟು ಡಾಲರುಗಳೂ ಉಳಿಯುತ್ತಿದ್ದವು.

2023ರ ಸೆಪ್ಟೆಂಬರಿನಲ್ಲಿ ನಾನು, ನಮ್ಮ ಯಜಮಾನರು ಮತ್ತು ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಹನ್ನೊಂದು ದಿನಗಳ ಪ್ರವಾಸಕ್ಕೆ ಹೋಗಿದ್ದೆವು. ನಯಾಗರಾದಿಂದ ವ್ಯಾಂಕೂವರಿನವರೆಗೆ ಎಲ್ಲವನ್ನೂ ಹನ್ನೆರಡು ದಿನಗಳಲ್ಲಿ ತೋರಿಸುವ ಯೋಜನೆಯೊಂದನ್ನು ಬೆಂಗಳೂರಿನ ಏಜೆಂಟರು ಮುಂದಿಟ್ಟಿದ್ದರು. ಟೊರೊಂಟೊ ಮತ್ತು ವ್ಯಾಂಕೂವರ್ ನಡುವೆ ವಿಮಾನದಲ್ಲೇ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆಂದು ತಿಳಿದ ಮೇಲೆ, ದೇಶದ ಪಶ್ಚಿಮದ ಬೆಟ್ಟಗಳಷ್ಟೇ ಸಾಕೆಂದು ಅದನ್ನು ಬಿಟ್ಟೆವು. ಆ ಒಂದು ನಿರ್ಧಾರ ಸರಿಯಾಗಿತ್ತು. ಆದರೆ ಬೆಟ್ಟಗಳೊಳಗೆ ತಿರುಗುವುದು ಹೇಗೆ ಎಂಬ ಬಗ್ಗೆ ಮೂವರಿಗೂ ಒಮ್ಮತವಿರಲಿಲ್ಲವಾದ್ದರಿಂದ, ಮೊದಲ ನಾಲ್ಕು ದಿನ ಅತ್ತಿಗೆಯವರ ಇಚ್ಛೆಯಂತೆ ವ್ಯಾಂಕೂವರಿನಿಂದ ಹೊರಡುವ ತಂಡದ ಪ್ರವಾಸ, ಅನಂತರದ ಮೂರು ದಿನ ಯಜಮಾನರ ಇಚ್ಛೆಯಂತೆ ಬಾಡಿಗೆ ಕಾರು, ಕೊನೆಯ ನಾಲ್ಕು ದಿನ ನನ್ನ ಇಚ್ಛೆಯಂತೆ ಊರಿನ ಬಸ್ಸು ಎಂದು ಹಂಚಿಕೊಂಡೆವು.

ತಂಡದ ಪ್ರವಾಸದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಪೆಟ್ಟಿಗೆಗಳನ್ನು ಅವರೇ ಎತ್ತಿಡುತ್ತಾರೆ, ಸಸ್ಯಾಹಾರದ ಚಿಂತೆಯಿಲ್ಲ, ಮಧ್ಯಾಹ್ನಕ್ಕೆ ಅನ್ನವೂ ದಾಲೂ ಸಿಗುತ್ತವೆ. ಆದರೆ ಲೇಕ್ ಲೂಯಿಸ್ ಸರೋವರದ ದಂಡೆಯಲ್ಲಿ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಶೌಚಾಲಯದ ಸಾಲಿನಲ್ಲಿ ಕಳೆಯಿತು. ತಿರುಪತಿಯಲ್ಲಿ ‘ಜರಗಂಡಿ, ಜರಗಂಡಿ’ ಎಂದು ಮುಂದಕ್ಕೆ ತಳ್ಳುವಾಗ ಕಣ್ಣಿಗೆ ಬಿದ್ದಷ್ಟೇ ದರ್ಶನ ಎಂಬಂತಾಯಿತು. ಅತ್ತಿಗೆಯವರಿಗೆ ಮಾತ್ರ ಇದೇ ಎಲ್ಲಕ್ಕಿಂತ ಹಿತವೆನಿಸಿತು. ಮಂಡಿನೋವಿರುವವರು ಅವರ ಮಾತನ್ನೇ ಕೇಳುವುದು ಒಳ್ಳೆಯದು.

ಇನ್ನು ಕಾರು. ಯಜಮಾನರು ಮೈಸೂರಿನ ಆರ್‌ಟಿಒ ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ, ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡಿದ್ದರು. ಬಾಡಿಗೆಯನ್ನು ನಾನು ಮನೆಯಿಂದಲೇ ನನ್ನ ಕಾರ್ಡಿನಲ್ಲಿ ಪೂರ್ತಿ ಪಾವತಿಸಿದ್ದೆ. ಹಣ ಕಟ್ಟಿದ ಮೇಲೆ ಕೀಲಿ ಕೊಡಲು ಇನ್ನೇನು ತೊಂದರೆ ಎಂದುಕೊಂಡು ಮಧ್ಯಾಹ್ನ ನಾಲ್ಕು ಗಂಟೆಗೆ ಕ್ಯಾಲ್ಗರಿ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತೆವು. ಅಲ್ಲಿದ್ದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಕಾರು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಎಲ್ಲಿದೆ? ಭದ್ರತಾ ಠೇವಣಿಯೆಂದು 500 ಡಾಲರನ್ನು, ಆಗಿನ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೇಲೆ, ಆ ಕಾರ್ಡಿನಲ್ಲಿ ತಡೆಹಿಡಿಯಬೇಕಂತೆ. ನನ್ನ ಕಾರ್ಡ್ ಆಗದು, ಏಕೆಂದರೆ ನಾನು ಚಾಲಕಿಯಲ್ಲ. ಡಾಲರ್ ತುಂಬಿಸಿಕೊಂಡು ಹೋಗಿದ್ದ ಫಾರೆಕ್ಸ್ ಕಾರ್ಡ್ ಆಗದು, ಏಕೆಂದರೆ ಅದು ಕ್ರೆಡಿಟ್ ಕಾರ್ಡ್ ಅಲ್ಲ. ನಗದನ್ನು ಅವರು ಮುಟ್ಟುವುದೂ ಇಲ್ಲ.

ಯಜಮಾನರ ಹತ್ತಿರ ಅವರದೇ ಕ್ರೆಡಿಟ್ ಕಾರ್ಡ್ ಇತ್ತು. ಆದರೆ ನಮ್ಮ ಕಡೆಯ ಎಲ್ಲರಂತೆ ಅವರಿಗೂ ಎರಡು ಇನಿಷಿಯಲ್. ಕಾರ್ಡಿನಲ್ಲಿ ಎರಡಕ್ಷರವೂ ಹೆಸರೂ ಇವೆ. ಪಾಸ್‌ಪೋರ್ಟಿನಲ್ಲಿ ಆ ಎರಡಕ್ಷರ ಊರಿನ ಹೆಸರಾಗಿ, ತಂದೆಯ ಹೆಸರಾಗಿ ಬಿಡಿಸಿಕೊಂಡು ಉದ್ದಕ್ಕೆ ನಿಂತಿವೆ. ಚಾಲನಾ ಪರವಾನಗಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಕ್ಕೆ ಹೋಗಿದೆ. ಮೂರೂ ಒಬ್ಬರೇ ಎಂಬುದನ್ನು ಒಪ್ಪಿಸಲು ನಾನು ಒಂದು ಹಾಳೆಯ ಮೇಲೆ ವಂಶವೃಕ್ಷದಂತೆ ಬರೆದು ತೋರಿಸಬೇಕಾಯಿತು. ಆಕೆ ಮೇಲಿನವರನ್ನು ಕರೆದಳು, ಅವರು ಒಪ್ಪಿದರು, ಕಾರ್ಡನ್ನು ಯಂತ್ರಕ್ಕೆ ಹಾಕಿದರೆ ತಿರಸ್ಕೃತವಾಯಿತು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಕೇಳಿ ಚಾಲನೆಗೊಳಿಸಬೇಕು. ಅದು ಬ್ಯಾಂಕಿನ ಆ್ಯಪಿನಲ್ಲಿ ಒಂದು ಗುಂಡಿಯ ಕೆಲಸ, ಆದರೆ ಗುಂಡಿ ಒತ್ತಿದರೆ ಒಟಿಪಿ ಬರುವುದು ಊರಿನ ಸಿಮ್ಮಿಗೆ. ಊರಿನ ಸಿಮ್ಮನ್ನು ಇವರು ವ್ಯಾಂಕೂವರಿನಲ್ಲಿ ತೆಗೆದು, ಅಲ್ಲಿನ ಸಿಮ್ಮು ಹಾಕಿಕೊಂಡಿದ್ದರು. ಕೈಚೀಲದ ತಳದಲ್ಲಿ, ಗೊಜ್ಜವಲಕ್ಕಿಯ ಪೊಟ್ಟಣದ ಕೆಳಗೆ, ಕಾಗದದಲ್ಲಿ ಸುತ್ತಿದ್ದ ಆ ಉಗುರಿನಷ್ಟು ಚೂರು ಸಿಕ್ಕಿತು. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಮೊಬೈಲಿನ ತಟ್ಟೆಯನ್ನು ಹೊರಗೆಳೆದದ್ದೂ ಆಯಿತು. ಆಗ ರೋಮಿಂಗ್ ಇಲ್ಲ. ನಿಲ್ದಾಣದ ವೈಫೈನಲ್ಲಿ ರೋಮಿಂಗಿಗೆ ಹಣ ಕಟ್ಟಿ, ಒಟಿಪಿಗಾಗಿ ಕಾಯುತ್ತಾ ಕುಳಿತಾಗ ನಮ್ಮೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಎಬ್ಬಿಸಿ ಕೇಳುವಂತಹ ಪುಣ್ಯಾತ್ಮರೂ ಯಾರಿರಲಿಲ್ಲ. ಕೀಲಿ ಕೈಗೆ ಬಂದದ್ದು ಆರೂಕಾಲಿಗೆ. ತಡೆಹಿಡಿದ 500 ಡಾಲರ್ ಮರಳಿ ಬಿಡುಗಡೆಯಾದದ್ದು ನಾವು ಮೈಸೂರಿಗೆ ಬಂದು ವಾರ ಕಳೆದ ಮೇಲೆ.

ರಸ್ತೆಯ ಬಲಬದಿಯಲ್ಲಿ ಓಡಿಸುವುದು ಅರ್ಧ ದಿನದಲ್ಲಿ ರೂಢಿಯಾಗುತ್ತದೆ. ಇಂಡಿಕೇಟರಿನ ಕಡ್ಡಿ ಎಡಗೈಗೆ ಹೋಗಿರುವುದರಿಂದ ಮೊದಲ ದಿನ ತಿರುವು ಬಂದಾಗಲೆಲ್ಲ ಬಿಸಿಲಿನಲ್ಲಿ ವೈಪರ್ ಆಡುತ್ತಿತ್ತು, ಅಷ್ಟೇ.

ನನಗೆ ಕಾರು ಬೇಡವೆನಿಸಿದ್ದು ಮರುದಿನ. ಹತ್ತು ಶಿಖರಗಳ ಕಣಿವೆಯೆಂದೇ ಹೆಸರಾದ ಜಾಗದಲ್ಲಿರುವ ಮೊರೇನ್ ಸರೋವರಕ್ಕಾಗಿಯೇ ನಾನು ಈ ಪ್ರವಾಸವನ್ನು ಬಯಸಿದ್ದೆ. ಹಿಂದೆ ಕೆನಡಾದ 20 ಡಾಲರ್ ನೋಟಿನ ಬೆನ್ನಿನ ಮೇಲೆ ಇದ್ದದ್ದು ಅದರದೇ ಚಿತ್ರ. ಹಿಂದಿನ ವರ್ಷ ಹೋಗಿಬಂದ ಪರಿಚಿತರ ಮಾತು ನಂಬಿ, ಬೆಳಗಿನ ಐದಕ್ಕೆ ಚಳಿಯಲ್ಲಿ ಎದ್ದು ಹೊರಟರೆ, ಸರೋವರದ ದಾರಿ ತಿರುಗುವಲ್ಲಿ ಸಿಬ್ಬಂದಿ ನಮ್ಮನ್ನು ತಡೆದು ವಾಪಸು ಕಳುಹಿಸಿದರು. ವಾಹನದಟ್ಟಣೆ ತಾಳಲಾರದೆ ಆ ವರ್ಷದಿಂದಲೇ ಖಾಸಗಿ ಕಾರುಗಳಿಗೆ ಆ ರಸ್ತೆಯನ್ನು ಮುಚ್ಚಿದ್ದರು. ಲೇಕ್ ಲೂಯಿಸ್‌ನಲ್ಲಿಯಾದರೂ ನಿಲ್ಲಿಸೋಣವೆಂದು ಹೋದರೆ, ನಸುಕಿನಲ್ಲೇ ನಿಲುಗಡೆಯ ಜಾಗ ಭರ್ತಿಯಾಗಿತ್ತು.

ಕಾರು ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸಿದ್ದು ಮೂರನೆಯ ದಿನ, ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗಿನ 232 ಕಿಲೋಮೀಟರ್ ಐಸ್‌ಫೀಲ್ಡ್ಸ್ ಪಾರ್ಕ್‌ವೇ ದಾರಿಯಲ್ಲಿ. ಬೋ ಸರೋವರದ ಬಳಿ ಒಂದು ಗಂಟೆ, ಪೇಟೋ ಸರೋವರ ಕೆಳಗೆ ಕಾಣುವ ಎತ್ತರದಲ್ಲಿ ಇನ್ನೊಂದು ಗಂಟೆ, ‘ಹೊರಡಿ’ ಎನ್ನುವವರಿಲ್ಲ. ನಡುವೆ ಸಸ್ಕ್ಯಾಚುವಾನ್ ರಿವರ್ ಕ್ರಾಸಿಂಗ್ ಎಂಬಲ್ಲಿ ಬಿಟ್ಟರೆ ಪೆಟ್ರೋಲ್ ಸಿಗುವುದಿಲ್ಲ, ಮೊಬೈಲಿಗೆ ಸಿಗ್ನಲ್ ಹೆಚ್ಚು ಕಡೆ ಇಲ್ಲ. ಅಥಬಾಸ್ಕಾ ಹಿಮನದಿಯ ಕಡೆಗೆ ನಡೆದು ಹೋಗುವಾಗ, ಯಾವ ಇಸವಿಯಲ್ಲಿ ಹಿಮ ಎಲ್ಲಿಯವರೆಗೆ ಇತ್ತೆಂದು ತೋರಿಸುವ ಗುರುತುಗಳು ದಾರಿಯುದ್ದಕ್ಕೂ ಇವೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹಿಮ ಮುಚ್ಚಿದ್ದ ಜಾಗದಲ್ಲಿ ಬರಿಯ ಕಲ್ಲುರಾಶಿ. ಅಲ್ಲಿಂದ ಮುಂದೆ ಇನ್ನೂ ಬಹುದೂರ ಏರಿ ಹೋದ ಮೇಲೆ ಹಿಮನದಿಯ ಬೂದುಬಣ್ಣದ ಅಂಚು ಕಾಣಿಸಿತು. ನೂರ ಇಪ್ಪತ್ತೈದು ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ.

ಕಾರನ್ನು ಬ್ಯಾನ್ಫ್‌ನಲ್ಲಿ ಒಪ್ಪಿಸಿದ ಮರುದಿನದಿಂದ ನನ್ನ ಸರದಿ. ‘ರೋಮ್’ ಎಂಬ ಹೆಸರಿನ ಊರಬಸ್ಸು ಕ್ಯಾನ್‌ಮೋರ್‌ನಿಂದ ಬ್ಯಾನ್ಫ್‌ಗೂ, ಬ್ಯಾನ್ಫ್‌ನಿಂದ ಲೇಕ್ ಲೂಯಿಸ್‌ಗೂ ಓಡುತ್ತದೆ. ಕ್ಯಾನ್‌ಮೋರ್ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗಿರುವುದರಿಂದ ಕೋಣೆಯ ಬಾಡಿಗೆಯೂ ನಮಗೆ ಕಡಿಮೆ ಬಿತ್ತು. ಆಗ ಲೇಕ್ ಲೂಯಿಸ್‌ಗೆ ಒಬ್ಬರಿಗೆ ಒಂದು ದಿಕ್ಕಿಗೆ 10 ಡಾಲರ್ ಇತ್ತು. ಮೂವರಿಗೆ ಹೋಗಿಬರಲು 60 ಆಯಿತು. ಮನೆಮಂದಿ ಐದಾರು ಜನರಿದ್ದರೆ ಈ ಲೆಕ್ಕ ಕಾರಿನ ಕಡೆಗೆ ವಾಲಬಹುದು.

ಮೊರೇನ್ ಸರೋವರಕ್ಕೆ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಪಾರ್ಕ್ಸ್ ಕೆನಡಾ ನಡೆಸುವ ಶಟಲ್ ಬಸ್ಸಿದೆ, ಆಗ ದೊಡ್ಡವರಿಗೆ 8 ಡಾಲರ್ ಇತ್ತು. ಅದರ ಆಸನಗಳಲ್ಲಿ ಒಂದು ಪಾಲನ್ನು ವಸಂತದಲ್ಲೇ ಕೊಟ್ಟುಬಿಡುತ್ತಾರೆ. ಉಳಿದ ದೊಡ್ಡ ಪಾಲು ಪ್ರಯಾಣಕ್ಕೆ ಎರಡು ದಿನ ಮುಂಚೆ ಅಲ್ಲಿನ ಬೆಳಗಿನ ಎಂಟು ಗಂಟೆಗೆ ತೆರೆಯುತ್ತದೆ. ಬೇಸಿಗೆಯಲ್ಲಿ ಅದು ನಮ್ಮ ಸಂಜೆಯ ಏಳೂವರೆ. ನಾನು ಎಂಟಕ್ಕೆ ಐದು ನಿಮಿಷವಿರುವಾಗಲೇ ಕಾಫಿ ಪಕ್ಕಕ್ಕಿಟ್ಟು ಮೊಬೈಲ್ ಹಿಡಿದು ಕುಳಿತೆ, ಎಂಟೂ ನಾಲ್ಕಕ್ಕೆ ಮೂರು ಆಸನ ಸಿಕ್ಕವು. ಸರೋವರದ ಮುಂದಿನ ಬಂಡೆರಾಶಿಯನ್ನು ಹತ್ತಿ ಕುಳಿತು, ಹಿಮನದಿ ಅರೆದು ತಂದ ಕಲ್ಲಿನ ನುಣ್ಣನೆಯ ಹುಡಿಯಿಂದ ಬಣ್ಣ ಪಡೆದ ಆ ನೀರಿನ ನೀಲಿ ಬಿಸಿಲೇರಿದಂತೆಲ್ಲ ಬದಲಾಗುವುದನ್ನು ಮೂರು ಗಂಟೆ ನೋಡಿದೆವು. ಬರುವಾಗ ಬಸ್ಸಿನ ಕಿಟಕಿಯಿಂದ ಯಜಮಾನರು, ಹೆದ್ದಾರಿಯ ಮೇಲೆ ಪ್ರಾಣಿಗಳು ದಾಟಲೆಂದೇ ಕಟ್ಟಿ ಮರ ಬೆಳೆಸಿರುವ ಸೇತುವೆಯನ್ನು ಮೊದಲ ಸಲ ಕಂಡರು. ಅದರ ಕೆಳಗೇ ಅವರು ಮೂರು ದಿನ ಕಾರು ಓಡಿಸಿದ್ದರು.

ಬೇಗ ಏಳುವ, ಬುತ್ತಿ ಕಟ್ಟಿಕೊಂಡು ಹೋಗುವ, ಒಂದೇ ಕಡೆ ಹೊತ್ತು ಕಳೆಯುವ ನನ್ನಂತಹವಳಿಗೆ ಬಸ್ಸೇ ಸರಿ. ಸೂರ್ಯಾಸ್ತದ ಚಿತ್ರ ತೆಗೆಯಲೇಬೇಕೆನ್ನುವವರಿಗೆ ಕೊನೆಯ ಬಸ್ಸಿನ ಹೊತ್ತು ಅಡ್ಡಿಯಾದೀತು. ಇನ್ನೊಮ್ಮೆ ಹೋದರೆ ಐಸ್‌ಫೀಲ್ಡ್ಸ್ ಪಾರ್ಕ್‌ವೇಗಾಗಿ ಒಂದೇ ಒಂದು ದಿನ ಬ್ಯಾನ್ಫ್‌ನಲ್ಲೇ ಕಾರು ಹಿಡಿಯುವುದೆಂದು ನಾವಿಬ್ಬರೂ ಒಪ್ಪಿದ್ದೇವೆ. ಯಜಮಾನರು ಬ್ಯಾಂಕಿಗೆ ಹೋಗಿ ಕಾರ್ಡಿನಲ್ಲಿ ಹೆಸರನ್ನು ಪಾಸ್‌ಪೋರ್ಟಿನಂತೆಯೇ ಬರೆಸಿಕೊಂಡು ಬಂದಿದ್ದಾರೆ. ಅಷ್ಟುದ್ದದ ಹೆಸರು ಹಿಡಿಯದೆ ಕೊನೆಯ ಮೂರಕ್ಷರ ಬಿಟ್ಟುಹೋಗಿದೆ.