ವಾಚ್‌ಲಿಸ್ಟನ್ನ ಟೆಕ್ನಿಕಲ್ ರ‍್ಯಾಂಕ್ ಮೇಲೆ ಸಾರ್ಟ್ ಮಾಡೋದು: ವರ್ಷಗಳಿಂದ ಬಳಸ್ತಿರೋನ ರಿವ್ಯೂ

ಷೇರುಗಳ ಚಾರ್ಟ್ ತೋರಿಸೋ ಸ್ಟಾಕ್‌ಚಾರ್ಟ್ಸ್ ವೆಬ್‌ಸೈಟಲ್ಲಿ ಎಸ್‌ಸಿಟಿಆರ್ (ಸ್ಟಾಕ್‌ಚಾರ್ಟ್ಸ್ ಟೆಕ್ನಿಕಲ್ ರ‍್ಯಾಂಕ್) ಅಂತ ಒಂದು ಸ್ಕೋರ್ ಕಾಲಂ ಇದೆ, ಬೆಲೆಯ ಓಟದಲ್ಲಿ ಒಂದು ಷೇರು ಉಳಿದವಕ್ಕಿಂತ ಎಷ್ಟು ಬಲವಾಗಿದೆ ಅಂತ ಹೇಳತ್ತೆ. ನನ್ನ ವಾಚ್‌ಲಿಸ್ಟನ್ನ, ಅಂದ್ರೆ ಕಣ್ಣಿಟ್ಟಿರೋ ಷೇರುಗಳ ಪಟ್ಟೀನ, ಅದರ ಮೇಲೆ ಸಾರ್ಟ್ ಮಾಡ್ಕೊಂಡು ನೋಡೋದು ಈಗ ಕೆಲವು ವರ್ಷದ ಅಭ್ಯಾಸ, ನಂಗೆ ತುಂಬಾ ಉಪಯೋಗ ಆಗಿದೆ. ಲಿಸ್ಟ್ ಅಕ್ಷರ ಕ್ರಮದಲ್ಲಿದ್ರೆ ಮೇಲಿರೋ ಷೇರುಗಳಿಗೇ ಗಮನ ಎಲ್ಲಾ ಹೋಗತ್ತೆ, ಕೊನೇಲಿರೋದನ್ನ ಓಡಿಸ್ಕೊಂಡು ನೋಡ್ತೀವಿ. ಸ್ಕೋರ್ ಮೇಲೆ ಸಾರ್ಟ್ ಮಾಡಿದ್ರೆ ಯಾವ ಚಾರ್ಟ್ ಮೊದಲು ತೆಗೀಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಲೆಕ್ಕ ಮುಚ್ಚಿಟ್ಟಿಲ್ಲ ಅನ್ನೋದು ನಂಗೆ ತುಂಬಾ ಇಷ್ಟ ಆದ ವಿಷಯ. ಟೆಕ್ನಿಕಲ್ ಅನಾಲಿಸ್ಟ್ ಜಾನ್ ಮರ್ಫಿ ಅವರ ವಿಧಾನದ ಮೇಲೆ ಮಾಡಿರೋದು. 60% ತೂಕ ಲಾಂಗ್ ಟರ್ಮ್‌ಗೆ, ಅಂದ್ರೆ 200 ದಿನದ ಇಎಂಎಗಿಂತ (ಹೊಸ ಬೆಲೆಗಳಿಗೆ ಜಾಸ್ತಿ ತೂಕ ಕೊಡೋ ಸರಾಸರಿ) ಬೆಲೆ ಎಷ್ಟು ಪರ್ಸೆಂಟ್ ಮೇಲಿದೆ ಅನ್ನೋದಕ್ಕೆ 30, 125 ದಿನದ ರೇಟ್ ಆಫ್ ಚೇಂಜ್‌ಗೆ (ಅಷ್ಟು ದಿನದಲ್ಲಿ ಬೆಲೆ ಎಷ್ಟು ಪರ್ಸೆಂಟ್ ಬದಲಾಯ್ತು ಅನ್ನೋದು) 30. ಆಮೇಲೆ 50 ದಿನದ ಇಎಂಎ ಮತ್ತೆ 20 ದಿನದ ರೇಟ್ ಆಫ್ ಚೇಂಜ್ ಎರಡೂ ಸೇರಿ 30%. ಉಳಿದ 10% ಮಾತ್ರ ಪಿಪಿಒ ಹಿಸ್ಟೋಗ್ರಾಂನ ಇಳಿಜಾರು ಮತ್ತೆ 14 ದಿನದ ಆರ್‌ಎಸ್‌ಐಗೆ, ಎರಡೂ ಇತ್ತೀಚಿನ ದಿನಗಳಲ್ಲಿ ಬೆಲೆಯ ವೇಗ ಅಳೆಯೋ ಸೂಚಕಗಳು. ಹೀಗೆ ಬಂದ ಅಂಕನ ಅದೇ ಗುಂಪಿನ ಬೇರೆ ಷೇರುಗಳ ಜೊತೆ ಹೋಲಿಸಿ 0 ಇಂದ 99.9 ವರೆಗೆ ರ‍್ಯಾಂಕ್ ಕೊಡ್ತಾರೆ.

ಇದು ಕ್ಲಾಸಲ್ಲಿ ಕೊಡೋ ರ‍್ಯಾಂಕ್ ಥರ, ಪರೀಕ್ಷೇಲಿ ಎಲ್ರೂ ಕಡಿಮೆ ಅಂಕ ತೆಗೆದ್ರೂ ಒಬ್ಬ ಫಸ್ಟ್ ಬಂದೇ ಬರ್ತಾನೆ. ಮಾರ್ಕೆಟ್ ಪೂರ್ತಿ ಬೀಳ್ತಿರುವಾಗ 95 ಇರೋ ಷೇರು ಏರ್ತಾ ಇದೆ ಅಂತ ಅಲ್ಲ, ಉಳಿದವಕ್ಕಿಂತ ಕಡಿಮೆ ಬಿದ್ದಿರಬಹುದು ಅಷ್ಟೇ. ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ (ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳು), ಇಟಿಎಫ್ (ಷೇರಿನ ಥರಾನೇ ಟ್ರೇಡ್ ಆಗೋ ಫಂಡ್) ಎಲ್ಲಾ ಬೇರೆ ಬೇರೆ ಗುಂಪು, ಅದಕ್ಕೇ ಒಂದೇ ಲಿಸ್ಟಲ್ಲಿ ಎಲ್ಲಾ ಕಲಸಿ ಸಾರ್ಟ್ ಮಾಡಿದ್ರೆ ಅರ್ಥ ಕೆಡತ್ತೆ, ಇಟಿಎಫ್‌ನ 80 ಬೇರೆ, ಲಾರ್ಜ್ ಕ್ಯಾಪ್‌ನ 80 ಬೇರೆ. ನಾನು ಗುಂಪಿಗೊಂದು ಲಿಸ್ಟ್ ಇಟ್ಟಿದೀನಿ.

ತುಂಬಾ ದಿನ ನೋಡ್ತಾ ಇದ್ರೆ ಮಾತ್ರ ಕಣ್ಣಿಗೆ ಬೀಳೋ ಕೆಲವು ವಿಷಯ ಇವೆ. ಯಾವುದೋ ಕಂಪನಿನ ಇನ್ನೊಬ್ರು ಕೊಂಡ್ಕೊಳ್ತೀವಿ ಅಂತ ಆಫರ್ ಕೊಟ್ರು ಅಂದ್ಕೊಳ್ಳಿ, ಬೆಲೆ ಒಂದೇ ದಿನ ಜಿಗಿದು ಆಫರ್ ಬೆಲೆ ಹತ್ರ ಕೂತ್ಬಿಡತ್ತೆ, ಆದ್ರೆ 125 ದಿನದ ಲೆಕ್ಕದಲ್ಲಿ ಆ ಜಿಗಿತ ಇರೋವರೆಗೂ ಷೇರು ಲಿಸ್ಟಿನ ಮೇಲ್ಗಡೇನೇ ಇರಬಹುದು, ಚಾರ್ಟ್ ನೋಡಿದ್ರೆ ನೇರ ಗೆರೆ. ಇದರ ಉಲ್ಟಾನೂ ಆಗತ್ತೆ. ಹಳೇ ಏರಿಕೆ ಲೆಕ್ಕದಿಂದ ಹೊರಗೆ ಹೋದ ದಿನ, ಇವತ್ತು ಬೆಲೆ ಅಲ್ಲಾಡದೇ ಇದ್ರೂ ಸ್ಕೋರ್ ಇಳಿಯತ್ತೆ, ಕಂಪನಿಗೆ ಏನೋ ಆಯ್ತು ಅಂತ ಗಾಬರಿ ಬೀಳೋದು ಬೇಡ.

ಇನ್ನೊಂದು, ಏರಿಳಿತ ಜಾಸ್ತಿ ಇರೋ ಷೇರುಗಳೇ ಲಿಸ್ಟಿನ ಎರಡು ತುದೀಲಿ ಜಾಸ್ತಿ ಕಾಣೋದು, ಯಾಕಂದ್ರೆ ಲೆಕ್ಕ ಹೆಚ್ಚಾಗಿ ಪರ್ಸೆಂಟ್ ಮೇಲೆ, ವೊಲಾಟಿಲಿಟಿಗೆ ಅಂತ ಏನೂ ಸರಿಹೊಂದಿಸಿಲ್ಲ. ನಿಧಾನಕ್ಕೆ ಏರೋ ಗಟ್ಟಿ ಷೇರು 60, 65ರಲ್ಲೇ ತಿಂಗಳುಗಟ್ಟಲೆ ಇರಬಹುದು. ಬರೀ ಮೇಲಿನ ತುದಿ ನೋಡೋರಿಗೆ ಇಂಥವು ಸಿಗೋದೇ ಇಲ್ಲ, ನಂಗೆ ಇದು ದೊಡ್ಡ ಕೊರತೆ ಅನ್ಸತ್ತೆ.

ನಾನು ಸ್ಕೋರಿಗಿಂತ ಜಾಸ್ತಿ ನೋಡೋದು ಸ್ಕೋರ್ ಎಷ್ಟು ಬದಲಾಗಿದೆ ಅನ್ನೋದನ್ನ. 40ರಲ್ಲಿದ್ದ ಷೇರು ಕೆಲವು ವಾರದಲ್ಲಿ 75 ದಾಟಿದ್ರೆ ತಕ್ಷಣ ಚಾರ್ಟ್ ತೆಗೀತೀನಿ, ತಿಂಗಳುಗಳಿಂದ 98ರಲ್ಲೇ ಇರೋದರಲ್ಲಿ ಹೊಸದಾಗಿ ನೋಡೋಕೆ ಕಡಿಮೆ. ಆದ್ರೆ ಮಧ್ಯದಲ್ಲಿ ಷೇರುಗಳ ಗಿಜಿಗಿಜಿ ಜಾಸ್ತಿ, ಬೆಲೆ ಸ್ವಲ್ಪ ಆಡಿದ್ರೂ 50 ಇದ್ದದ್ದು 58 ಆಗ್ಬಿಡತ್ತೆ, ಅದಕ್ಕೆಲ್ಲಾ ತಲೆ ಕೆಡಿಸ್ಕೊಬೇಡಿ.

ದಿನದೊಳಗೆ ಟ್ರೇಡ್ ಮಾಡೋರಿಗೆ ಇದು ಆಗಿ ಬರಲ್ಲ, 60% ಹಿಂದಿನ ತಿಂಗಳುಗಳದ್ದೇ ಲೆಕ್ಕ, ಒಂದು ಕೆಟ್ಟ ರಿಸಲ್ಟ್ ಬಂದು ಬೆಲೆ ಕುಸಿದ್ರೂ ಬಲವಾಗಿದ್ದ ಷೇರಿನ ಸ್ಕೋರ್ ಸುಮಾರು ಮೇಲೇ ಉಳ್ಕೋಬಹುದು. ವಾರಕ್ಕೊಂದ್ಸಲ ಕೂತು, ದೊಡ್ಡ ಲಿಸ್ಟಲ್ಲಿ ಯಾವುದನ್ನ ಓದ್ಬೇಕು, ಯಾವುದನ್ನ ಬಿಡ್ಬೇಕು ಅಂತ ನೋಡೋರು ಖಂಡಿತ ಬಳಸಿ. ಲಿಸ್ಟಲ್ಲಿ ಹತ್ತು ಹದಿನೈದೇ ಷೇರು ಇದ್ರೆ ಸಾರ್ಟ್ ಯಾಕೆ, ಎಲ್ಲಾ ಚಾರ್ಟೂ ತೆಗೆದು ನೋಡಿ.