ಗ್ರಾಫಿಕ್ಸ್ ಚಿಪ್ ಬದಲಾಯಿಸಿದ್ದೇವೆ ಎಂದು ಲ್ಯಾಪ್‌ಟಾಪ್ ವಾಪಸ್ ಕೊಟ್ಟರೆ, ದುಡ್ಡು ಕೊಡುವ ಮುಂಚೆ ಇದನ್ನು ನೋಡಿ

ಹಳೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕೈಕೊಟ್ಟಿದೆಯಾ? ರಿಪೇರಿಗೆ ಕೊಡುವ ಯೋಚನೆಯಲ್ಲಿದ್ದೀರಾ? ಹಾಗಿದ್ದರೆ ಐದು ನಿಮಿಷ ಇದನ್ನು ಓದಿ. ಹೊಸ ಚಿಪ್ ಹಾಕುತ್ತೇವೆ ಎಂದು ದುಡ್ಡು ತೆಗೆದುಕೊಂಡು, ಹಳೇ ಚಿಪ್ಪಿಗೇ ಬಿಸಿಗಾಳಿ ಹಿಡಿದು ವಾಪಸ್ ಕೊಡುವವರಿದ್ದಾರೆ. ನನಗೆ ಆಗಿದ್ದು ಅದೇ. ವಿಷಯ ಗೊತ್ತಾಗುವಷ್ಟರಲ್ಲಿ ದುಡ್ಡೂ ಹೋಗಿತ್ತು, ಚೆನ್ನಾಗಿದ್ದ ಒಂದು ಯುಎಸ್‌ಬಿ ಪೋರ್ಟೂ ಹೋಗಿತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇವೆ, ಅಂದರೆ ಸ್ಕ್ರೀನಿನ ಚಿತ್ರ ತಯಾರಿಸುವ ಭಾಗಗಳು. ಒಂದು ಪ್ರೊಸೆಸರ್ ಒಳಗೇ ಇರುವ ಸಣ್ಣದು. ಇನ್ನೊಂದು ಮದರ್‌ಬೋರ್ಡಿನ ಮೇಲೆ ಬೇರೆಯಾಗಿ ಬೆಸುಗೆ ಹಾಕಿರುವ ದೊಡ್ಡ ಚಿಪ್. ಹಳೆಯದಾದರೂ ಫೋಟೋ ಎಡಿಟಿಂಗಿಗೆ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಫೋಟೋ ದೊಡ್ಡದು ಮಾಡಿ ನೋಡುವಾಗ ಸ್ಕ್ರೀನ್ ಕ್ಷಣಹೊತ್ತು ಕಪ್ಪಾಗುತ್ತಿತ್ತು. ಮತ್ತೆ ಬಂದಾಗ ಮೂಲೆಯಲ್ಲಿ ಸಂದೇಶ: ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್) ನಿಂತುಹೋಗಿತ್ತು, ಈಗ ಸರಿಯಾಗಿದೆ ಅಂತ. ಸ್ವಲ್ಪ ದಿನ ಕಳೆದ ಮೇಲೆ ಚಿತ್ರದ ಮೇಲೆ ಹಸಿರು, ಗುಲಾಬಿ ಬಣ್ಣದ ಸಣ್ಣ ಸಣ್ಣ ಚೌಕಗಳು ಬರತೊಡಗಿದವು. ಕೊನೆಗೆ ನೀಲಿ ಸ್ಕ್ರೀನ್. ಅದರಲ್ಲಿ ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಎಂಬ ಸಾಲು, ಅಂದರೆ ಗ್ರಾಫಿಕ್ಸ್ ಉತ್ತರ ಕೊಡದೆ ನಿಂತಿದೆ ಅಂತ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ ದೊಡ್ಡ ಚಿಪ್ಪಿನ ಹೆಸರಿನ ಪಕ್ಕ ಹಳದಿ ಗುರುತು, ಕೋಡ್ 43. ಅಂದರೆ ತೊಂದರೆ ಕಂಡು ವಿಂಡೋಸ್ ಅದನ್ನು ನಿಲ್ಲಿಸಿದೆ ಅಂತ.

ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಹಳೇ ಆವೃತ್ತಿ ಹಾಕಿದೆ. ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಾಯಿಸಿಯೂ ಆಯಿತು. ಯಾವುದರಿಂದಲೂ ಗುಣ ಕಾಣಲಿಲ್ಲ. ಹಾಗಾಗಿ ಚಿಪ್ ಲೆವೆಲ್ ರಿಪೇರಿ ಮಾಡುತ್ತೇವೆ ಎನ್ನುವ ಒಂದು ಕಡೆ ಕೊಟ್ಟೆ.

ಅಲ್ಲಿದ್ದವರು ಹತ್ತು ನಿಮಿಷ ನೋಡಿ, “ಗ್ರಾಫಿಕ್ಸ್ ಚಿಪ್ ಹೋಗಿದೆ ಮೇಡಂ. ಹೊಸ ಚಿಪ್ ಹಾಕಿದರೆ ಇನ್ನೂ ಮೂರ್ನಾಲ್ಕು ವರ್ಷ ಯೋಚನೆ ಇಲ್ಲ” ಅಂದರು. ಸುಮ್ನೆ ಬಿಸಿ ಮಾಡಿ ಕೊಡ್ತೀರಾ, ಚಿಪ್ಪನ್ನೇ ಬದಲಾಯಿಸ್ತೀರಾ ಎಂದು ಬಿಡಿಸಿ ಕೇಳಿದೆ. “ಅಯ್ಯೋ, ಬಿಸಿ ಮಾಡಿದರೆ ನಿಲ್ಲಲ್ಲ ಮೇಡಂ. ನಾವು ಹೊಸದೇ ಹಾಕೋದು” ಎಂದು ಧೈರ್ಯ ಹೇಳಿದರು. ಹೇಳಿದ ದಿನಕ್ಕೆ ಲ್ಯಾಪ್‌ಟಾಪ್ ಕೈಗೆ ಬಂತು. ನನ್ನೆದುರೇ ಆನ್ ಮಾಡಿ ಒಂದು ವಿಡಿಯೋ ಓಡಿಸಿ ತೋರಿಸಿದರು. ಸ್ಕ್ರೀನ್ ಚೊಕ್ಕಟವಾಗಿತ್ತು, ಕೋಡ್ 43 ಮಾಯವಾಗಿತ್ತು. ಬಿಲ್ಲಿನಲ್ಲಿ ಮಾತ್ರ ‘ಜಿಪಿಯು ಸರ್ವಿಸ್’ ಎಂದಿತ್ತು (ಜಿಪಿಯು ಎಂದರೆ ಗ್ರಾಫಿಕ್ಸ್ ಚಿಪ್). ಚಿಪ್ ಬದಲಾವಣೆ ಎಂಬ ಮಾತು ಎಲ್ಲೂ ಇರಲಿಲ್ಲ. ಕೇಳಿದರೆ, ಎರಡೂ ಒಂದೇ ಅಂದರು.

ಎರಡೂ ಒಂದೇ ಅಲ್ಲ. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ.

ಕೆಲವೇ ವಾರಗಳಲ್ಲಿ ಅವೇ ಹಸಿರು ಚೌಕಗಳು ವಾಪಸ್ ಬಂದವು. ಅದರ ಜೊತೆಗೆ ಎಡಗಡೆಯ ಯುಎಸ್‌ಬಿ ಪೋರ್ಟಿಗೆ ಏನು ಚುಚ್ಚಿದರೂ ಗುರುತೇ ಹಿಡಿಯುತ್ತಿರಲಿಲ್ಲ. ರಿಪೇರಿ ಮಾಡಿದವರನ್ನು ಕೇಳಿದೆ. “ಚಿಪ್ಪಿಗೆ ವಾರಂಟಿ ಇರಲ್ಲ ಮೇಡಂ, ಟೆಸ್ಟ್ ಮಾಡಿ ತೋರಿಸಿಯೇ ಕೊಟ್ಟಿದ್ವಲ್ಲ” ಎಂದು ಕೈತೊಳೆದುಕೊಂಡರು.

ಪರಿಚಯದವರ ಮೂಲಕ ಇನ್ನೊಬ್ಬ ಟೆಕ್ನೀಷಿಯನ್ ಸಿಕ್ಕರು. ಬೋರ್ಡ್ ಕೆಲಸದಲ್ಲೇ ಕೈ ಪಳಗಿದವರು. ನನ್ನ ಮುಂದೆಯೇ ಬಿಚ್ಚಿದರು. ಚಿಪ್ಪನ್ನು ತಣ್ಣಗಿಡುವ ಹೀಟ್‌ಸಿಂಕ್ ಎತ್ತಿ, ಪೇಸ್ಟ್ ಒರೆಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ನನ್ನನ್ನು ಕರೆದರು. “ಮೂಲೆ ನೋಡಿ.” ಚಿಪ್ಪಿನ ನಾಲ್ಕೂ ಮೂಲೆಗಳಲ್ಲಿ ಬೋರ್ಡಿಗೆ ಅಂಟಿಸಿದ ಕೆಂಪು ಅಂಟಿನ ಬೊಟ್ಟುಗಳಿದ್ದವು. ಕಾರ್ಖಾನೆಯಲ್ಲೇ ಹಾಕುವ ಅಂಟದು. ಚಿಪ್ ಅಲುಗಾಡದೆ ಕೂರಲಿ ಅಂತ ಹಾಕಿರುತ್ತಾರೆ. ಚಿಪ್ ಎತ್ತಬೇಕಾದರೆ ಅದನ್ನು ಕೆರೆದು ತೆಗೆಯಲೇಬೇಕು. ನನ್ನ ಬೋರ್ಡಿನಲ್ಲಿ ನಾಲ್ಕೂ ಬೊಟ್ಟುಗಳು ಹಾಗೇ ಇದ್ದವು. ಬಿಸಿಗೆ ಬಣ್ಣ ಸ್ವಲ್ಪ ಕಂದಿತ್ತು ಅಷ್ಟೇ. ಚಿಪ್ಪಿನ ಅಂಚಿನಲ್ಲಿ ಕಂದು ಬಣ್ಣದ, ಮುಟ್ಟಿದರೆ ಕೈಗಂಟುವ ಫ್ಲಕ್ಸ್ (ಬೆಸುಗೆ ಹಾಕುವಾಗ ಹಚ್ಚುವ ಪದಾರ್ಥ) ಒಣಗಿ ಕೂತಿತ್ತು. ಪಕ್ಕದ ಯುಎಸ್‌ಬಿ ಪೋರ್ಟಿನ ಒಳಗಿನ ಪ್ಲಾಸ್ಟಿಕ್ ನಾಲಿಗೆ ಕರಗಿ ಒಂದು ಕಡೆಗೆ ವಾಲಿತ್ತು. “ಚಿಪ್ ಎತ್ತೇ ಇಲ್ಲ. ಫ್ಲಕ್ಸ್ ಹಾಕಿ ಹೀಟ್ ಗನ್ ಹಿಡಿದಿದ್ದಾರೆ. ಪಕ್ಕದ ಪೋರ್ಟನ್ನು ಮುಚ್ಚೋಕೂ ಹೋಗಿಲ್ಲ” ಅಂದರು.

ಇಷ್ಟು ಕಣ್ಣಾರೆ ನೋಡಿದ ಮೇಲೆ, ಬಿಸಿ ಮಾಡಿದರೆ ಯಾಕೆ ಸರಿಹೋಗುತ್ತದೆ, ಯಾಕೆ ನಿಲ್ಲುವುದಿಲ್ಲ ಎಂದು ಅವರಿಂದಲೇ ಕೂತು ಕೇಳಿ ತಿಳಿದುಕೊಂಡೆ. ಆಮೇಲೆ ನಾನೂ ಓದಿದೆ. ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಸುಲಭಕ್ಕೆ ಯಾಮಾರಿಸಲಾರರು.

ಗ್ರಾಫಿಕ್ಸ್ ಚಿಪ್ಪಿನಲ್ಲಿ ಬೆಸುಗೆ ಎರಡು ಮಟ್ಟದಲ್ಲಿರುತ್ತದೆ. ನಡುವೆ ಹೊಳೆಯುವ ಸಿಲಿಕಾನ್ ತುಂಡು. ಅದು ಕೂರುವುದು ಒಂದು ಸಣ್ಣ ಹಸಿರು ಹಲಗೆಯ ಮೇಲೆ. ಆ ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬೆಸುಗೆ ಉಬ್ಬುಗಳಿವೆ. ಆ ಹಲಗೆಯ ಕೆಳಗೆ, ಮದರ್‌ಬೋರ್ಡಿಗೆ ತಾಗುವ ಕಡೆ, ಸ್ವಲ್ಪ ದೊಡ್ಡ ಬೆಸುಗೆ ಗುಂಡುಗಳಿವೆ. ಬಿಸಿಯಾದಾಗ ಹಸಿರು ಹಲಗೆ ಸಿಲಿಕಾನಿಗಿಂತ ಹಲವು ಪಟ್ಟು ಜಾಸ್ತಿ ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ದಿನಾ ಆನ್, ಆಫ್. ದಿನಾ ಹಿಗ್ಗು, ಕುಗ್ಗು. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಒಂದು ದಿನ ತುಂಡಾಗುತ್ತಲ್ಲ, ಹಾಗೆ ಒಳಗಿನ ಉಬ್ಬುಗಳಲ್ಲಿ ಬಿರುಕು ಬಿಡುತ್ತದೆ.

ಹೊರಗಿನಿಂದ ಬಿಸಿ ಕೊಟ್ಟಾಗ ಬಿರುಕು ಬಿಟ್ಟ ತುದಿಗಳು ಮತ್ತೆ ಒಂದಕ್ಕೊಂದು ತಾಗುತ್ತವೆ. ತಾಗುತ್ತವೆ, ಬೆಸೆದುಕೊಳ್ಳುವುದಿಲ್ಲ. 2006ರ ನಂತರದ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೀಸವಿಲ್ಲದ ಬೆಸುಗೆ ಇರುತ್ತದೆ. ಅದು ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿಪ್ಪಿನ ಒಳಗಿನ ಉಬ್ಬುಗಳ ಕಥೆ ಬೇರೆ. ಆ ಕಾಲದ ಎಷ್ಟೋ ಚಿಪ್‌ಗಳಲ್ಲಿ ಅಲ್ಲಿ ಸೀಸವೇ ಜಾಸ್ತಿ, 300 ಡಿಗ್ರಿ ದಾಟದೆ ಅದು ಕರಗುವುದಿಲ್ಲ. ಅಷ್ಟು ಬಿಸಿ ಕೊಟ್ಟರೆ ಚಿಪ್ಪೂ ಉಳಿಯಲ್ಲ, ಬೋರ್ಡೂ ಉಳಿಯಲ್ಲ. ಅಂದರೆ ಹೀಟ್ ಗನ್ನಿನಿಂದ ನಿಜವಾದ ಬಿರುಕು ಮುಚ್ಚುವುದೇ ಇಲ್ಲ. ಕೆಲವು ಸಲ ತಿಂಗಳುಗಟ್ಟಲೆ ಓಡಬಹುದು, ಕೆಲವು ಸಲ ಎರಡೇ ದಿನ. ಮೊದಲು ಹೋದ ರೋಗವೇ ಮತ್ತೆ ಬರುತ್ತದೆ. ‘ರೀಬಾಲ್’ ಮಾಡಿ ಕೊಡ್ತೀವಿ ಅನ್ನುವವರೂ ಇದ್ದಾರೆ. ಅದರಲ್ಲಿ ಚಿಪ್ ಎತ್ತಿ ಕೆಳಗಿನ ಗುಂಡುಗಳನ್ನು ಹೊಸದಾಗಿ ಹಾಕುತ್ತಾರೆ, ನಿಜ. ಆದರೆ ಅದೇ ಚಿಪ್ಪನ್ನೇ ಮತ್ತೆ ಕೂರಿಸುತ್ತಾರೆ. ತೊಂದರೆ ಚಿಪ್ಪಿನ ಒಳಗಿದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ಬೋರ್ಡನ್ನು ಅಡುಗೆ ಓವನ್ನಿನಲ್ಲಿಟ್ಟು ಬೇಯಿಸುವ ವಿಡಿಯೋಗಳನ್ನು ನೋಡಿ ಯಾರೂ ಮನೆಯಲ್ಲಿ ಆ ಸಾಹಸಕ್ಕೆ ಕೈಹಾಕಬೇಡಿ. ಪ್ಲಾಸ್ಟಿಕ್ ಮತ್ತು ಫ್ಲಕ್ಸಿನ ಹೊಗೆ ಅನ್ನ ಬೇಯಿಸುವ ಜಾಗದಲ್ಲಿ ಸೇರಿಕೊಳ್ಳುತ್ತದೆ. ಹಳೇ ಬೋರ್ಡಾದರೆ ಸೀಸವೂ ಇರಬಹುದು.

ಇದು ಬಳಸುವವರ ತಪ್ಪಿನಿಂದ ಮಾತ್ರ ಬರುವ ತೊಂದರೆಯಲ್ಲ ಎಂಬುದಕ್ಕೆ ದಾಖಲೆಯೇ ಇದೆ. 2008ರ ಜುಲೈನಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ತನ್ನ ಕೆಲವು ನೋಟ್‌ಬುಕ್ ಚಿಪ್‌ಗಳ ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲವಾಗಿದೆ ಎಂದು ಒಪ್ಪಿಕೊಂಡು, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ಲೆಕ್ಕ ಹಿಡಿದಿತ್ತು. 2015ರಲ್ಲಿ ಆಪಲ್, 2011ರಿಂದ 2013ರ ನಡುವೆ ಮಾರಿದ ಕೆಲವು ಮ್ಯಾಕ್‌ಬುಕ್ ಪ್ರೊಗಳಲ್ಲಿ ಚಿತ್ರ ಕೆಡುವ ತೊಂದರೆಗೆ ಉಚಿತ ರಿಪೇರಿ ಕೊಡಲು ಮುಂದಾಯಿತು. ಅವೆರಡೂ ಈಗ ಹಳೇ ಕಥೆ. ಆದರೂ ನಿಮ್ಮ ಮಾಡೆಲ್ಲಿಗೆ ಕಂಪನಿಯಿಂದ ಅಂಥ ಉಚಿತ ರಿಪೇರಿ ಇದೆಯಾ ಎಂದು ದುಡ್ಡು ಬಿಚ್ಚುವ ಮುಂಚೆ ವಿಚಾರಿಸಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ರಿಪೇರಿಗೆ ಕೊಡುವ ಮೊದಲು, ಹೋಗಿರುವುದು ನಿಜವಾಗಿ ಚಿಪ್ಪೇನಾ ಎಂದು ಮನೆಯಲ್ಲೇ ಸುಮಾರಾಗಿ ತಿಳಿಯಬಹುದು. ಗೆರೆ, ಚೌಕ ಕಾಣುವಾಗ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಫೋನಿನಲ್ಲೂ ಆ ಚೌಕಗಳು ಕಂಡರೆ ತೊಂದರೆ ಚಿತ್ರ ತಯಾರಾಗುವ ಕಡೆಯೇ ಇದೆ, ಅಂದರೆ ಚಿಪ್, ಅದರ ಮೆಮೊರಿ ಅಥವಾ ಡ್ರೈವರ್. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದರೆ ಬೇರೆ ಮಾನಿಟರ್ ಜೋಡಿಸಿ ನೋಡಿ. ಅದರಲ್ಲಿ ಸರಿಯಾಗಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಗೆರೆ ಬರುತ್ತಿದ್ದರೆ, ಅದರಲ್ಲೂ ಮುಚ್ಚಳ ಅಲ್ಲಾಡಿಸಿದಾಗ ಗೆರೆ ಬದಲಾಗುತ್ತಿದ್ದರೆ, ಸ್ಕ್ರೀನಿನ ಕೇಬಲ್ಲೋ ಪ್ಯಾನೆಲ್ಲೋ ಕೆಟ್ಟಿರುತ್ತದೆ. ಅದು ಚಿಪ್ಪಿಗಿಂತ ಎಷ್ಟೋ ಸುಲಭದ ರಿಪೇರಿ. ಅದಕ್ಕೂ ಚಿಪ್ ಹೋಗಿದೆ ಎಂದು ಹೇಳಿಸಿಕೊಂಡು ಬಂದವರನ್ನು ನಾನು ಬಲ್ಲೆ.

ಕೊಡಲೇಬೇಕು ಎಂದಾದರೆ ಮಾತನ್ನು ಬಿಲ್ಲಿಗೆ ಇಳಿಸಿ. ‘ಸರ್ವಿಸ್’ ಎಂಬ ಪದ ಒಪ್ಪಬೇಡಿ. ‘ಚಿಪ್ ಬದಲಾವಣೆ’ ಎಂದು, ವಾರಂಟಿ ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ. ಬಿಚ್ಚಿದಾಗ ಹಳೇ ಚಿಪ್ಪಿನ ಫೋಟೋ ಬೇಕು, ಹಳೇ ಚಿಪ್ ವಾಪಸ್ ಬೇಕು ಎಂದು ಮೊದಲೇ ಹೇಳಿ. ನಿಜವಾಗಿ ಬದಲಾಯಿಸುವವರಿಗೆ ಇದರಿಂದ ಏನೂ ಕಷ್ಟವಿಲ್ಲ. ಬಿಸಿ ಮಾಡುವವರು ಇಲ್ಲೇ ಏನಾದರೂ ನೆಪ ತೆಗೆಯುತ್ತಾರೆ. ಚಿಪ್ಪಿನ ಮೇಲೆ ಸಾಮಾನ್ಯವಾಗಿ ನಾಲ್ಕಂಕಿಯ ತಯಾರಿ ಗುರುತು ಇರುತ್ತದೆ, ಮೊದಲ ಎರಡು ವರ್ಷ, ನಂತರದ ಎರಡು ವಾರ. 1225 ಎಂದಿದ್ದರೆ 2012ರ 25ನೇ ವಾರ. ಹಳೇ ಫೋಟೋದಲ್ಲಿರುವ ಗುರುತೂ ಹೊಸದರ ಗುರುತೂ ಒಂದೇ ಆಗಿದ್ದರೆ ಕಾರಣ ಕೇಳಿ. ಇನ್ನೊಂದು ಮಾತು: ಹೊಸದು ಎಂದು ಮಾರುವ ಎಷ್ಟೋ ಚಿಪ್‌ಗಳು ಹಾಳಾದ ಬೋರ್ಡಿನಿಂದ ಕಿತ್ತು, ತೊಳೆದು, ಹೊಸ ಗುಂಡು ಹಾಕಿದವು. ಹಳೆಯ ಮಾಡೆಲ್‌ಗಳಿಗೆ ಅಪ್ಪಟ ಹೊಸ ಚಿಪ್ ಸಿಗುವುದೇ ಅಪರೂಪ. ಹೀಗಾಗಿ ನನ್ನ ಮಟ್ಟಿಗೆ, ವಯಸ್ಸಾದ ಲ್ಯಾಪ್‌ಟಾಪಿಗೆ ಚಿಪ್ ಬದಲಾಯಿಸುವುದೇ ದಂಡ. ಆ ದುಡ್ಡು ಮುಂದಿನ ಲ್ಯಾಪ್‌ಟಾಪಿಗೆ ಸೇರಲಿ.

ನನಗೆ ಅತಿ ಜಾಸ್ತಿ ಸಿಟ್ಟು ಬಂದಿದ್ದು ಮಾತ್ರ ಬೇರೆ ವಿಷಯಕ್ಕೆ. ಎರಡನೇ ಟೆಕ್ನೀಷಿಯನ್ ಎಲ್ಲ ನೋಡಿ ಮುಗಿಸಿ, “ನಿಮ್ಮದರಲ್ಲಿ ಎರಡು ಗ್ರಾಫಿಕ್ಸ್ ಇದೆಯಲ್ಲ ಮೇಡಂ, ದೊಡ್ಡದನ್ನು ಆಫ್ ಮಾಡಿಬಿಡಿ” ಅಂದರು. ಅಷ್ಟೇ! 2010ರ ನಂತರ ಬಂದ ಹೆಚ್ಚಿನ ಎರಡು ಗ್ರಾಫಿಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ತಂತಿ ಸೇರುವುದು ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸಿಗೆ. ದೊಡ್ಡದು ಭಾರದ ಕೆಲಸ ಮಾಡಿ ಚಿತ್ರವನ್ನು ಸಣ್ಣದರ ಕೈಗೆ ಕೊಡುತ್ತದೆ. ದೊಡ್ಡದಿಲ್ಲದಿದ್ದರೂ ಸ್ಕ್ರೀನ್ ಉರಿಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಒತ್ತಿದರೆ ಆಯಿತು. ಕೆಲವು ಮಾಡೆಲ್‌ಗಳಲ್ಲಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಒಳಗೂ ಈ ಆಯ್ಕೆ ಇರುತ್ತದೆ, ಅದು ಇನ್ನೂ ಒಳ್ಳೆಯದು. ಈಗ ನನ್ನ ಫೋಟೋ ಸಾಫ್ಟ್‌ವೇರ್ ನಿಧಾನ, ನಿಜ. ಆದರೆ ಚೌಕವೂ ಇಲ್ಲ, ನೀಲಿ ಸ್ಕ್ರೀನೂ ಇಲ್ಲ. ಮೊದಲು ರಿಪೇರಿ ಮಾಡಿದವರು ಖರ್ಚಿಲ್ಲದ ಈ ದಾರಿಯನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಗೊತ್ತಿರದೆ ಇರಲು ಸಾಧ್ಯವೇ ಇಲ್ಲ, ಅವರ ಕಸುಬೇ ಅದು.

ಈ ದಾರಿಗೂ ಮಿತಿ ಇದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ದೊಡ್ಡ ಚಿಪ್ಪಿಗೇ ಸೇರಿರುತ್ತದೆ, ಅಂಥದ್ದರಲ್ಲಿ ಹೊರಗಿನ ಮಾನಿಟರ್ ಬರುವುದಿಲ್ಲ. ಒಂದೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿಗೆ ಇದು ಆಗುವುದೇ ಇಲ್ಲ. ಚಿಪ್ ಶಾರ್ಟ್ ಆಗಿ ಲ್ಯಾಪ್‌ಟಾಪ್ ಆನೇ ಆಗುತ್ತಿಲ್ಲವಾದರೆ ಬೋರ್ಡ್ ಬಲ್ಲವರೇ ನೋಡಬೇಕು.

ಮೊದಲ ಚೌಕ ಕಂಡ ದಿನವೇ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಸ್ಕ್ರೀನ್ ಪೂರ್ತಿ ಹೋದರೂ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಬಿಚ್ಚಿ ತೆಗೆಯುವಂಥದ್ದಾದರೆ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಆದರೆ ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಆ ಡಿಸ್ಕ್ ತೆರೆಯುವುದಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಸ್ಕ್ರೀನ್ ಇನ್ನೂ ಕಾಣುತ್ತಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀ ಅಲ್ಲಿದೆಯಾ ನೋಡಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಯಾರ ಕೈಗೇ ಕೊಡುವುದಿದ್ದರೂ ಇದು ಆದ ಮೇಲೆಯೇ ಕೊಡಿ.